ಮಾದರಿ ಸಂಖ್ಯೆ ಹದಿನೇಳು

ಬದುವಿನ ಹತ್ತಿರ ಬೇಡ, ಗೊಬ್ಬರದ ಗುಡ್ಡೆಯ ಹತ್ತಿರ ಬೇಡ,
ಮರದ ಬುಡದಲ್ಲಿ ಬೇಡ.
ಗುದ್ದಲಿಯಿಂದ ವಿ ಆಕಾರ ತೋಡಿ
ಅದರ ಒಂದು ಕೆನ್ನೆಯಿಂದ ಬೆರಳು ದಪ್ಪ ಕೆರೆದುಕೋ.
ಬಿಸಿಲಿಗೆ ಹಾಕಬೇಡ, ನೆರಳಲ್ಲಿ ಒಣಗಿಸು.
ನಾಲ್ಕು ಪಾಲು ಮಾಡು, ಎದುರುಬದುರಿನ ಎರಡು ಎಸೆ,
ಉಳಿದದ್ದು ಕೂಡಿಸು, ಮತ್ತೆ ನಾಲ್ಕು ಮಾಡು,
ಅರ್ಧ ಕೆಜಿಗೆ ಇಳಿಯುವ ತನಕ.

ಒಂದು ಗದ್ದೆ ಹೀಗೆ ಬಂದು ಸೇರುತ್ತದೆ
ಮಂಡ್ಯದ ವಿ.ಸಿ. ಫಾರಂನ ಲ್ಯಾಬಿಗೆ,
ಬಟ್ಟೆಚೀಲದಲ್ಲಿ,
ಒಳಗೊಂದು ಚೀಟಿ, ಹೊರಗೊಂದು ಚೀಟಿ.

ಹದಿನೇಳನೆಯದು ನನ್ನ ಪಾಲಿಗೆ ಬಂತು.
ನಾಲೆಯ ಕೆಳಗಿನ ಗದ್ದೆ.
ಹಿಂದಿನ ಬೆಳೆ ಎಂಬಲ್ಲಿ ಬರೆದಿತ್ತು: ‘ಹಾಕಿದ್ದು ಭತ್ತ.’
ಬಂದದ್ದು ಏನೆಂದು ಕೇಳುವ ಕಾಲಂ ಇರಲಿಲ್ಲ.

ಇಪ್ಪತ್ತು ಗ್ರಾಂ ಮಣ್ಣು, ಐವತ್ತು ಎಂಎಲ್ ನೀರು,
ಅರ್ಧ ಗಂಟೆ ಗಾಜಿನ ಕಡ್ಡಿ.
ಉಳಿದವರ ಬೀಕರಿನಲ್ಲಿ ಮಣ್ಣು ತಳಕ್ಕೆ ಕೂತು ನೀರು ತಿಳಿಯಾಯಿತು.
ನನ್ನದು ಕೂರಲೊಲ್ಲದು.
‘ನಿಂದೇನೇ, ಕಾಫಿ ಆಗೋಯ್ತು’ ಅಂದಳು ಪಕ್ಕದ ಶಿಫಾ.
ಸೋಡಿಯಂ ಹೊಕ್ಕ ಜೇಡಿಯ ಕಣಗಳು
ಒಂದನ್ನೊಂದು ಮುಟ್ಟಿಸಿಕೊಳ್ಳುವುದಿಲ್ಲ,
ದೂರ ದೂರ ನಿಂತು ತೇಲುತ್ತವೆ.
ಪುಸ್ತಕದಲ್ಲಿ ಇಷ್ಟು ತಣ್ಣಗೆ ಬರೆದಿದೆ ಇದನ್ನು.

ಪಿಎಚ್ ಒಂಬತ್ತು ಪಾಯಿಂಟ್ ನಾಲ್ಕು.
ಮೀಟರು ಸುಳ್ಳು ಹೇಳಿತೆಂದು ಬಫರಿನಲ್ಲಿ ಅದ್ದಿ ತಿರುಗಿ ನೋಡಿದೆ.
ಒಂಬತ್ತು ಪಾಯಿಂಟ್ ನಾಲ್ಕು.
ಸೋಸಿದ ನೀರಿಗೆ ಫಿನಾಲ್ಫ್ಥಲೀನ್ ಎರಡು ತೊಟ್ಟು.
ಬಣ್ಣವೇ ಇಲ್ಲದ್ದು ಬಣ್ಣವೇ ಇಲ್ಲದ್ದಕ್ಕೆ ಬಿದ್ದು
ಭಗ್ಗನೆ ಗುಲಾಬಿ.

ಆಗ ಬೆರಳಿಗೆ ನೆನಪಾಯಿತು.

ಚಿಕ್ಕತಾಯಮ್ಮ, ನನ್ನಜ್ಜಿ,
ಇಂಥದೇ ಮಣ್ಣನ್ನು ಕುಕ್ಕೆಗೆ ಕೆರೆದು ತರುತ್ತಿದ್ದಳು,
ಹೊತ್ತು ಮೂಡುವ ಮುಂಚೆ, ಬೆಳ್ಳಗೆ ಹೊರಳಿದ ಜಾಗದಿಂದ.
ಸವುಳು ಅಂತ ಅದರ ಹೆಸರು.
ತುದಿನಾಲಿಗೆಗೆ ಚಿಟಿಕೆ ಇಟ್ಟು ಥೂ ಅಂದರೆ ಒಳ್ಳೆಯದು,
ಸುಮ್ಮನಿದ್ದರೆ ಬರೀ ಮಣ್ಣು.
ಊರಿನ ಮಾಸಲೆಲ್ಲ ಅದರ ನೀರಲ್ಲಿ ಅದ್ದಿ
ಉಬ್ಬೆಗೆ ಹಾಕಿದರೆ
ಕೊಕ್ಕರೆ ರೆಕ್ಕೆಯ ಹಾಗೆ ಬರುತ್ತಿತ್ತು ಪಂಚೆ.
ಅರಿಶಿನ ಮೆತ್ತಿದ ಮದುವೆಸೀರೆ ಸವುಳಿಗೆ ಬಿತ್ತೋ,
ಕಲೆ ಕುಂಕುಮಕ್ಕೆ ತಿರುಗುತ್ತಿತ್ತು.
ಎರಡು ಹನಿ ನಿಂಬೆಹುಳಿ, ಮತ್ತೆ ಅರಿಶಿನ.
ನಾನು ಐದು ವರ್ಷದವಳು, ಇನ್ನೊಮ್ಮೆ ಅಜ್ಜಿ, ಇನ್ನೊಮ್ಮೆ.
ಆಸಿಡ್ಡು, ಬೇಸು, ಸೂಚಕ:
ಪಾಠ ಅಲ್ಲೇ ಮುಗಿದಿತ್ತು,
ಸೂತ್ರ ಬರೆಯುವುದೊಂದು ಬಾಕಿ.

ವೈವಾದಲ್ಲಿ ಹೊರಗಿನಿಂದ ಬಂದವರು ಕೇಳಿದರು,
ಲ್ಯಾಬ್ ಇಲ್ಲದ ಕಡೆ ಕ್ಷಾರ ಮಣ್ಣನ್ನು ಹೇಗೆ ಗುರುತಿಸುವೆ?
ಹೇಳಿದೆ: ಒಣಗಿದರೆ ಕಲ್ಲು, ನೆನೆದರೆ ಜಾರಿಕೆ,
ನಿಂತ ನೀರು ಇಂಗದು, ಮೇಲೆ ಕಪ್ಪು ಜಿಡ್ಡು.
ಇನ್ನೇನಾದರೂ?
ಫ್ಯಾನು ತಿರುಗುತ್ತಿತ್ತು.
ನಾಲಿಗೆಯ ತುದಿಯಲ್ಲೇ ಇತ್ತು, ನಿಜವಾಗಿಯೂ ನಾಲಿಗೆಯ ತುದಿಯಲ್ಲೇ.
ಇನ್ನೊಂದು ಪ್ರಶ್ನೆ ಬರುತ್ತದೆ ಆಮೇಲೆ,
ನಿಮ್ಮಜ್ಜಿ ಏನು ಕೆಲಸ ಮಾಡುತ್ತಿದ್ದರು ಅಂತ.
ಇಲ್ಲ ಸರ್, ಅಂದೆ.
ಇಪ್ಪತ್ತೈದಕ್ಕೆ ಇಪ್ಪತ್ತೆರಡು.

ಸಂಜೆ ಫೋನು ಮಾಡಿದೆ. ಅವಳಿಗೆ ಕಿವಿ ಮಂದ,
ಹಾಸ್ಟೆಲ್ ಪೂರ್ತಿ ಕೇಳುವ ಹಾಗೆ ಕೂಗಬೇಕು.
ಸವುಳು ಅಜ್ಜಿ, ಸವುಳು! ನಮ್ಮ ಪುಸ್ತಕದಲ್ಲಿ ಅದು ಸಮಸ್ಯೆಯ ಮಣ್ಣು,
ಎಕರೆಗೆ ಇಷ್ಟು ಟನ್ ಜಿಪ್ಸಂ ಹಾಕಿ
ಕ್ಯಾಲ್ಸಿಯಂ ಕೂರಿಸಿ, ಸೋಡಿಯಂ ತೊಳೆದು ಬಿಟ್ಟರೆ
ಸರಿಹೋಗುತ್ತದೆ.

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.

‘ತೊಳಿಯೋ ಮಣ್ಣನ್ನೇ ತೊಳೀತಾರಾ?’
ಆಮೇಲೆ, ‘ಅದ್ಕೇನಾಗಿತ್ತು ಮಗಾ, ಚೆನ್ನಾಗೇ ಇತ್ತಲ್ಲ.’
ಆಮೇಲೆ, ‘ಉಳಿದಿದ್ರೆ ಒಂದು ಹಿಡಿ ತತ್ತಾ.’

ಉಳಿದಿತ್ತು. ನಾಲ್ಕರಲ್ಲಿ ಎರಡು ಪಾಲು,
ಎಸೆ ಅಂದದ್ದು, ನಾನು ಎಸೆದಿರಲಿಲ್ಲ.