ಒಂದೂವರೆ ಮೊಳ

ವಾಳಪೈ ದಾಟಿ ಏಳನೇ ಕಿಲೋಮೀಟರಿನ ಮೋರಿ
ನಾವೇ ಇಟ್ಟದ್ದು. ನಾನು, ಯಮನೂರ, ಒಂದು ಜೇಸಿಬಿ.
ಮೂರಡಿ ಅಗಲದ ಎರಡು ಪೈಪು. ಟ್ಯೂಬಿನಲ್ಲಿ ನೀರು ಹಿಡಿದು
ಲೆವಲ್ ನೋಡಿ ಸರಿ ಅಂದೆ.
ಸರಿಯೇ ಇತ್ತು, ರಸ್ತೆಗೆ.

ಎರಡು ಮಳೆಗಾಲ ಪೈಪಿನ ಬಾಯಿಂದ ಧುಮುಕಿ ಧುಮುಕಿ
ಹಳ್ಳ ತನ್ನ ಕಾಲಡಿ ತಾನೇ ಕೊರೆದುಕೊಂಡಿತು.
ಈಗ ಮೋರಿ ಗಾಳಿಯಲ್ಲಿದೆ,
ಒಂದೂವರೆ ಮೊಳ.

ಮಿರಗ ಕೂಡಿದ ಮೂರನೇ ದಿನ
ಶೆವಂತಿ ಗಾವಡೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ
"ಪಳೆ" ಅಂದಳು. ಅವಳ ಮಾತಿನಲ್ಲಿ, ನೋಡು.

ನೋಡಿದೆ.
ಹೊಟ್ಟೆ ತುಂಬ ತತ್ತಿ ಹೊತ್ತ ಮೀನು, ಬೆರಳುದ್ದ, ಗೇಣುದ್ದ,
ನೀರಿಗೆದುರಾಗಿ ಎದ್ದು ಸಿಮೆಂಟಿಗೆ ತಲೆ ಹೊಡೆದು
ಬೀಳುತ್ತಿದ್ದವು. ಮತ್ತೆ ಎದ್ದು. ಮತ್ತೆ.
ಒಂದು ಅಂಚಿನ ತನಕ ಮುಟ್ಟಿತು. ಜಾರಿತು.
ಆ ಅಂಚಿಗೆ ಗಿಲಾಯಿ ಮಾಡಿದವನು ನಾನು.
ಬೆಣ್ಣೆಯಂಥ ಕೈ ಎಂದು ಸೂಪರ್‌ವೈಜರ್ ಹೊಗಳಿದ್ದ.

ಮೇಲಿನ ಗದ್ದೆಗಳಲ್ಲಿ ಹರಡುವಷ್ಟು ನೀರು
ಬೆಚ್ಚಗೆ ನಿಂತಿತ್ತು, ಯಾರಿಗೋ ಹಾಸಿಟ್ಟಂತೆ.
ಕೆಳಗೆ ಹುಡುಗರು ಬುಟ್ಟಿ ಒಡ್ಡಿದ್ದರು.
ಇಷ್ಟು ಸುಲಭದ ಬೇಟೆ ಅವರ ಅಜ್ಜಂದಿರು ಕಂಡವರಲ್ಲ.

ಕಾಂಟ್ರಾಕ್ಟರನಿಗೆ ಫೋನು ಹಚ್ಚಿದೆ.
"ಮೀನಿನ ಹೆಸರಲ್ಲಿ ಬಿಲ್ಲು ಪಾಸಾಗ್ತದೇನೋ?" ಅಂದ.
ನಕ್ಕೆ. ಕೂಲಿ ಬಾಕಿಯಿತ್ತು.

ರವಿವಾರ ಒಡೆದ ಚಿರೆಕಲ್ಲು ಐದು ಹೊತ್ತು
ಗುಂಡಿಗೆ ಇಳಿಸಿದೆ, ಒಂದರ ಹೆಗಲಿಗೊಂದು,
ಲೆವಲ್ ನೋಡದೆ,
ಒರಟು ಮೈ ಮೇಲೆ ಬರುವ ಹಾಗೆ.
ಶೆವಂತಿ ದಂಡೆಯಲ್ಲಿ ಕೂತು
ಇಲ್ಲಿ, ಅಲ್ಲ, ಅಲ್ಲಿ ಎಂದು ಕೋಲು ತೋರಿದಳು.
ಇಂಜಿನಿಯರು ಅವಳೇ.

ರಾತ್ರಿಯ ನೆರೆ ಎರಡನ್ನು ಒಯ್ದಿತು.
ಮೂರು ಇವೆ.