ಬೆಕ್ಕನ್ನು ಮೊದಲು ಕಟ್ಟು

ಮಸ್ಜಿದ್ ಬಂದರಿನ ಮಸಾಲೆ ಗಲ್ಲಿ, ಮೂರನೆಯ ಮಾಳಿಗೆ,
ಹಮಾಲರ ಪತಪೇಢಿ.
ಕೆಳಗೆ ಮೆಣಸಿನಕಾಯಿ ಗೋದಾಮು; ಇಲ್ಲಿ
ಸರ್ವರ್ ಕೂಡ ಸೀನುತ್ತದೆ.

ಹೊಸ ಡೇಟಾಬೇಸ್ ಹಾಕಬೇಕು. ಅಷ್ಟೇ ಕೆಲಸ.
ಎರಡು ತಾಸು ಎಂದಿದ್ದೆ ಪ್ರಮೀಳಾ ಪೇಡ್ನೇಕರರಿಗೆ.
ತೊಂಬತ್ತೆಂಟರವರೆಗೆ ಹಸಿರು ಪಟ್ಟಿ ಸಲೀಸಾಗಿ ಓಡಿತು,
ಕುರ್ಲಾ ಬಿಟ್ಟ ಫಾಸ್ಟ್ ಲೋಕಲ್ಲಿನ ಹಾಗೆ.
ಆಮೇಲೆ ನಿಂತಿತು.
ನಿಂತು, ಹಿಂದಕ್ಕೆ ಬರತೊಡಗಿತು,
ಹಾಸಿದ್ದನ್ನೆಲ್ಲ ತಾನೇ ಒಂದೊಂದಾಗಿ ಸುತ್ತಿಕೊಂಡು.
'ಸೇವೆ ಆರಂಭವಾಗಲಿಲ್ಲ.'
ಯಾಕೆ ಎಂದು ಹೇಳುವ ಸೌಜನ್ಯವಿಲ್ಲ.

ಮತ್ತೆ ಹಾಕಿದೆ. ತೊಂಬತ್ತೆಂಟು.
ಮೆಷಿನ್ ಆರಿಸಿ ಹಚ್ಚಿದೆ, ನಮ್ಮ ಕಸುಬಿನ ತೀರ್ಥಸ್ನಾನ.
ತೊಂಬತ್ತೆಂಟು.

ಆಗ ಲಾಗ್ ಬಿಚ್ಚಿದೆ, ಮೊದಲೇ ಬಿಚ್ಚಬೇಕಿತ್ತು.
ನಾಲ್ಕು ಸಾವಿರ ಸಾಲು. ಕೆಟ್ಟ ಸುದ್ದಿ ಇರುವುದು ಕೊನೆಯಲ್ಲಲ್ಲ,
ಕೊನೆಯಿಂದ ಮೂವತ್ತು ಸಾಲು ಮೇಲೆ, ದನಿ ಎತ್ತದೆ:
ಪೋರ್ಟ್ ಮೂವತ್ಮೂರು ಸೊನ್ನೆ ಆರು
ಖಾಲಿ ಇಲ್ಲ.

ಈ ಊರಲ್ಲಿ ಹದಿನೇಳು ವರ್ಷ ಬಾಡಿಗೆಗಿದ್ದವನಿಗೆ
ಆ ಎರಡು ಪದ ಬಿಡಿಸಿ ಹೇಳಬೇಕಾಗಿಲ್ಲ.
ಒಳಗೆ ಯಾರೋ ಇದ್ದಾರೆ. ಪಗಡಿ ಕಾಲದವರು.

ಹುಡುಕಿದೆ. ಇದ್ದ.
'ಬಿ ಎನ್ ಜಿ ಡಿ' ಅಂತ ಹೆಸರು, ಎರಡು ಸಾವಿರದ ಒಂಬತ್ತರ ಆಸಾಮಿ.
ಕೊಂದೆ (ನಮ್ಮಲ್ಲಿ ಹಾಗೇ ಅನ್ನುವುದು, ಪಾಪವಿಲ್ಲ).
ಐದು ನಿಮಿಷಕ್ಕೆ ಎದ್ದು ಕೂತ, ಹೊಸ ನಂಬರು ಹೊತ್ತು.
ಮತ್ತೆ ಕೊಂದೆ. ಮತ್ತೆ ಐದು ನಿಮಿಷ.
ರಕ್ತಬೀಜನಿಗೂ ಇಷ್ಟು ಸಮಯಪಾಲನೆ ಇರಲಿಲ್ಲ.

ಹತ್ತೂಕಾಲಿಗೆ ಪ್ರಮೀಳಾಬಾಯಿ ಚಹಾ ಇಟ್ಟು
'ಬಂಗೇರಾ ಸಾಹೇಬರಿದ್ದಾಗ ಹೀಗಾಗುತ್ತಿರಲಿಲ್ಲ' ಎಂದರು.
ಯಾರು?
'ಐತಪ್ಪ ಬಂಗೇರ. ಇದನ್ನು ಕೂರಿಸಿದವರು. ತೀರಿಕೊಂಡು ಆರು ವರ್ಷ.
ಅವರು ಬರೆದಿಟ್ಟ ಮಂತ್ರದಿಂದಲೇ ಇಷ್ಟು ದಿನ ನಡೆದಿದೆ.
ದಸರೆಗೆ ತಪ್ಪದೆ ಪೂಜಿಸುತ್ತೇವೆ.'

ಟಾರ್ಚ್ ಹಿಡಿದು ಬಗ್ಗಿದೆ.
ಡಬ್ಬದ ಎಡಗೆನ್ನೆಗೆ ಅಂಟಿದ ಚೀಟಿ;
ಕುಂಕುಮದ ಮೇಲೆ ಕುಂಕುಮ, ಒಣಗಿದ ಚೆಂಡುಹೂವಿನ ಎಸಳು.
ಉಗುರಿನಿಂದ ಮೆಲ್ಲಗೆ ಕೆರೆದೆ.
ಕೆಳಗೆ, ನೀಲಿ ಬಾಲ್‌ಪೆನ್ನಿನಲ್ಲಿ,
ರಾತ್ರಿಶಾಲೆಯ ದುಂಡು ಕನ್ನಡ:

'ಬಂಗುಡೆಯನ್ನು ಕೊಂದರೆ ಸಾಯುವುದಿಲ್ಲ.
ಬೆಕ್ಕು ಐದೈದು ನಿಮಿಷಕ್ಕೆ ಬಂದು ಎಬ್ಬಿಸುತ್ತದೆ.
ಬೆಕ್ಕನ್ನು ಮೊದಲು ಕಟ್ಟು.
ಡೇಟಾ ಇ ಡ್ರೈವಿನಲ್ಲಿದೆ. ಅಳಿಸಬೇಡ ಮಾರಾಯ, ಹಮಾಲರ ದುಡ್ಡು.'

ನಕ್ಕೆ, ಪ್ರಮೀಳಾಬಾಯಿ ಹೆದರುವಷ್ಟು.
ಬಿ ಎನ್ ಜಿ ಡಿ!
ಮಧ್ಯಾಹ್ನ ಫೋರ್ಟಿನಲ್ಲಿ ಅದನ್ನೇ ತಿಂದು ಬಂದಿದ್ದೆ, ಹುರಿದದ್ದು, ಎರಡು.

ನಿಗದಿತ ಕೆಲಸಗಳ ಪಟ್ಟಿ ತೆಗೆದರೆ
ತಳದಲ್ಲಿ 'ಬಿ ಕೆ ಕೆ', ಮುದುಡಿ ಕೂತಿದೆ.
ಮೀನನ್ನು ಬದುಕಿಸುವ ಬೆಕ್ಕು ಎಲ್ಲಾದರೂ ಉಂಟೇ?
ಭಾನುವಾರವೂ,
ಹಳಿ ಮುಳುಗಿ ಲೋಕಲ್ ನಿಂತ ದಿನವೂ,
ಸಾಕಿದವನು ಹೋದ ರಾತ್ರಿಯೂ
ಐದೈದು ನಿಮಿಷಕ್ಕೊಮ್ಮೆ ಬಂದು
ಉಸಿರಿದೆಯೇ ಎಂದು ಮೂಸಿ ನೋಡಿ ಹೋಗಿದೆ.

ಕಟ್ಟಿದೆ.
ಬಂಗುಡೆಯನ್ನು ನಿಲ್ಲಿಸಿದೆ.
ಆರನೆಯ ನಿಮಿಷದವರೆಗೂ ಕಾದೆ, ಏಳುತ್ತಾನೋ ಎಂದು.
ಸುಳ್ಳೇಕೆ, ಏಳಲಿ ಎಂದೂ.

ತೊಂಬತ್ತೆಂಟು.
ತೊಂಬತ್ತೊಂಬತ್ತು.
ಈಗ ಹಳೆಯದರಿಂದ ಹೊಸದಕ್ಕೆ ಖಾತೆಗಳು ದಾಟುತ್ತಿವೆ:
ಶೇಲಾರ್, ನಾನೂರು ರೂಪಾಯಿ; ಗೋಳೆ, ಮಗಳ ಮದುವೆ ಸಾಲ;
ಇಬ್ಬರು ಧೋಂಡಿಬಾ ಜಾಧವರು, ಅಪ್ಪನ ಹೆಸರು ಮಾತ್ರ ಬೇರೆ.

'ಮಂತ್ರದಲ್ಲಿ ಏನಿದೆ?'
'ಬೆಕ್ಕಿನ ವಿಷಯ' ಎಂದೆ.
ತಲೆಯಾಡಿಸಿದರು, ದತ್ತಗುರುವಿಗೆ ನಾಯಿಗಳಿರುವಾಗ
ಬೆಕ್ಕೊಂದು ಯಾಕಿರಬಾರದು ಎನ್ನುವಂತೆ.

ಕಡೆಯ ಲೋಕಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು.
ನಾನೂ ಒಂದು ಚೀಟಿ ಬರೆದೆ: ಯಾವ ಪೋರ್ಟ್, ಯಾವ ಫೋಲ್ಡರ್,
ಏಳದಿದ್ದರೆ ಏನು ಮಾಡಬೇಕು.
ಮರಾಠಿಯಲ್ಲೇ ಬರೆದೆ, ಅವರು ಓದಲಿ ಎಂದು.

ಓದಲಿಲ್ಲ.
ಕುಂಕುಮದ ಭರಣಿ ಹುಡುಕುತ್ತಿದ್ದರು.