ಮೂರೂವರೆ ವರ್ಷದ ಮಾನ

ಫೋರ್ಟಿನ ನಮ್ಮ ಆಫೀಸಿಗೆ
ಮುಲುಂಡಿನಿಂದ ಲೋಕಲ್ ಹಿಡಿದು ಬಂದಿದ್ದಾಳೆ ವನಮಾಲಾ.
ಕಂಕುಳಲ್ಲಿ ಮಗಳು, ಕೈಯಲ್ಲಿ
ಲಿಫ್ಟಿನ ಕನ್ನಡಿಯಿಂದ ಕಿತ್ತ ಚೀಟಿ, ಟೇಪಿನ ಸಮೇತ:
"ಬಿ ವಿಂಗ್, ನಾನೂರ ಮೂರರ ಓವಿ ಕಳ್ಳಿ.
ಮನೆಯೊಳಗೆ ಬಿಟ್ಟುಕೊಳ್ಳುವ ಮುನ್ನ ಯೋಚಿಸಿ."

ಒಂದು ಕಿವಿಯೋಲೆಯಂತೆ. ಆಮೇಲೆ
ವಾಷಿಂಗ್ ಮೆಷಿನ್ನಿನ ರಬ್ಬರಿನ ಸಂದಿಯಲ್ಲಿ ಸಿಕ್ಕಿತಂತೆ.
ಸಿಕ್ಕಿದ್ದಕ್ಕೆ ಯಾರೂ ಚೀಟಿ ಅಂಟಿಸಲಿಲ್ಲ.
ಓವಿಗೆ ಗೊತ್ತಿರುವುದು ಒಂದೇ ಅಕ್ಷರ, ತನ್ನದು.
ಲಿಫ್ಟಿನಲ್ಲಿ ಅದನ್ನು ಕಂಡು ಮೂರು ದಿನ
ಚಪ್ಪಾಳೆ ತಟ್ಟಿದ್ದಳು.

ದೇವಧರ್ ವಕೀಲರು ಕನ್ನಡಕ ಹಣೆಗೇರಿಸಿದರು.
"ಏಳರ ಒಳಗಿನ ಮಗು ಏನು ಮಾಡಿದರೂ
ಕಾನೂನಿನ ಕಣ್ಣಲ್ಲಿ ಅಪರಾಧವಲ್ಲ, ತಾಯಿ.
ಕದಿಯಲಿಕ್ಕೇ ಬಾರದವಳನ್ನು ಕಳ್ಳಿ ಅಂದರೆ
ನಂಬುವವರು ಯಾರು?"
"ಹನ್ನೊಂದು ಮಹಡಿ ನಂಬಿದೆ, ಸಾರ್.
ಏಳನೆಯದರಲ್ಲಿ ಬಾಲವಾಡಿಯ ಟೀಚರ್ ಇದ್ದಾರೆ."

ಮಾನ ಎಷ್ಟಿತ್ತು, ಹಾನಿ ಎಷ್ಟು, ಲೆಕ್ಕ ಬೇಕು.
ನಾನು ಟೈಪಿಸುತ್ತ ಕೂತೆ.
ಸ್ನಾನ ಮುಗಿಸಿ ಟವೆಲಿಗೆ ಸಿಗದೆ ಓಡುವವಳಿಗೆ
ಮುಚ್ಚಿಕೊಳ್ಳಲು ಯಾವ ಮಾನ?
ಹುಟ್ಟುಹಬ್ಬಕ್ಕೆ ತಂದ ಕಾಗದದ ಟೋಪಿ ಹದಿನಾಲ್ಕು,
ಹಾಕಿಕೊಂಡ ತಲೆ ಎರಡು. ಇದು ಸಾಕ್ಷಿಯಾದೀತೆ?
ಇನ್ನೂ ಕತ್ತರಿ ಕಾಣದ ಥಾನಿನ ಮೇಲೆ ಮಸಿ ಚೆಲ್ಲಿದರೆ
ಯಾವ ಅಂಗಿಯ ಬೆಲೆ ಹಿಡಿಯುವುದು?

ದಾವೆ ಹೂಡಬಹುದು, ಅಂದರು ಕೊನೆಗೆ.
ಮಗುವಿನ ಪರವಾಗಿ ದೊಡ್ಡವರೊಬ್ಬರ ಸಹಿ ಬೇಕು;
ಅವರನ್ನು 'ನೆಕ್ಸ್ಟ್ ಫ್ರೆಂಡ್' ಅನ್ನುತ್ತಾರೆ.
ಅಷ್ಟೂ ಮಾತಿನಲ್ಲಿ ಆ ಒಂದನ್ನೇ ಹಿಡಿದು
ಓವಿ ಬಾಗಿಲ ಕಡೆ ತಿರುಗಿದಳು: "ಜುಯಿಲಿ ಬಂದ್ಲಾ?"
ಜುಯಿಲಿ, ನಾನೂರ ನಾಲ್ಕು. ಬೆಲ್ ಒತ್ತಿದರೆ
ಒಳಗೆ ಟೀವಿಯ ದನಿ ತಗ್ಗುತ್ತದೆ, ಅಷ್ಟೇ.
ವನಮಾಲಾ ಬಾಗಿ ಸಹಿ ಹಾಕಿದಳು.
ಪೆನ್ನು ಎರಡು ಸಲ ಮೂಡಲಿಲ್ಲ.

ಆಗ ನೋಡಿದೆ, ನನ್ನ ಮೇಜಿನಡಿ
ಫೈಲು ಕಟ್ಟುವ ಹಸಿರು ದಾರವೊಂದನ್ನು
ಫ್ರಾಕಿನ ಜೇಬಿಗೆ ಮೆಲ್ಲಗೆ ಇಳಿಸುತ್ತಿದ್ದಾಳೆ,
ನನ್ನನ್ನೇ ನೋಡುತ್ತ.

ಬೆಲ್ಲದ ಡಬ್ಬಿಗೆ ಕೈ ಹಾಕಿದ ನಮ್ಮನ್ನೆಲ್ಲ ಅಜ್ಜಿ
ಅದೇ ಮಾತಿನಿಂದ ಕರೆದು ಕೆನ್ನೆ ಹಿಂಡುತ್ತಿದ್ದಳು.
ನಾವು ಇನ್ನೊಮ್ಮೆ ಕರೆಯಲೆಂದೇ ಕದಿಯುತ್ತಿದ್ದೆವು.
ಮಾತು ನಾಲಿಗೆಯ ತುದಿಗೆ ಬಂತು.
ನುಂಗಿದೆ.
ಡ್ರಾಯರಿನಿಂದ ಇನ್ನೊಂದು ದಾರ ತೆಗೆದು ಕೊಟ್ಟೆ.
ಅದನ್ನವಳು ಮುಟ್ಟಲಿಲ್ಲ.